ಚಾಲುಕ್ಯರ ನಾಡಿನಲ್ಲಿ ಒಂದು ತೆಂಗಿನಕಾಯಿ

ಬೆಂಗಳೂರಿನಿಂದ ಬಾದಾಮಿಗೆ ಹೊರಟ ನಮ್ಮ ಕಾರಿನಲ್ಲಿ ಐದು ಜನರಿದ್ದೆವು, ಜೊತೆಗೊಂದು ತೆಂಗಿನಕಾಯಿ. ನಮಗೆಲ್ಲ ಸೀಟ್ ಬೆಲ್ಟ್ ಇತ್ತು, ಅದಕ್ಕಿರಲಿಲ್ಲ. ಹಿತ್ತಲ ಮರದ ಕಾಯಿಯನ್ನು ಅತ್ತೆ ಜುಟ್ಟು ಕೆಡದಂತೆ ಸುಲಿಸಿ ತಂದಿದ್ದರು. "ಬನಶಂಕರಿಗೆ ಅಲ್ಲಿಯೇ ಕೊಂಡರಾಯಿತು. ಇದು ಚಾಲುಕ್ಯರು ಕಟ್ಟಿಸಿದ ಹಳೆಯ ಗುಡಿಗೆ" ಎಂಬುದು ಅವರ ಸಂಕಲ್ಪ.

ತುಮಕೂರು ದಾಟುವಷ್ಟರಲ್ಲಿ ಕಾಯಿ ಚೀಲದಿಂದ ಹೊರಬಿದ್ದಿತ್ತು. ಬ್ರೇಕ್ ಹಾಕಿದರೆ ಗುಡುಗುಡು ಮುಂದಕ್ಕೆ, ಏರು ಬಂದರೆ ಗುಡುಗುಡು ಹಿಂದಕ್ಕೆ. ಹಿರಿಯೂರಿನ ಹತ್ತಿರ ಅದು ಗಂಡನ ಹಿಮ್ಮಡಿಗೆ ಬಂದು ತಾಗಿತು. ಅವರು ಕಾರನ್ನು ಬದಿಗೆ ನಿಲ್ಲಿಸಿ, "ಇದು ಬ್ರೇಕಿನ ಕೆಳಗೆ ಸೇರಿದರೆ ನೇರವಾಗಿ ದೇವರ ಮುಂದೆಯೇ ಒಡೆಯಬಹುದು" ಎಂದರು. ಅಲ್ಲಿಂದ ಮುಂದೆ ಕಾಯಿ ಏಳು ವರ್ಷದ ಮಗನ ತೊಡೆಯೇರಿತು. ಚಿತ್ರದುರ್ಗದ ಕೋಟೆಯನ್ನೂ ಅವನು ಅದನ್ನು ಹೊತ್ತುಕೊಂಡೇ ಹತ್ತಿದ. ಏಳು ಸುತ್ತಿನ ಕೋಟೆಯಲ್ಲಿ ನಾಲ್ಕನೆಯ ಸುತ್ತಿಗೇ ಮಾವ ನೆರಳು ಹುಡುಕಿ ಕುಳಿತರು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ, ಅವರು ಓದುತ್ತಾರೆ.

ಬಾದಾಮಿಯ ಮೂರನೆಯ ಗುಹೆ. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ, ಕ್ರಿ.ಶ. 578ರಲ್ಲಿ, ಅವನ ತಮ್ಮ ಮಂಗಲೇಶ ಮಾಡಿಸಿದ್ದು. ಆದಿಶೇಷನ ಮೇಲೆ ರಾಜಠೀವಿಯಲ್ಲಿ ಕುಳಿತ ವಿಷ್ಣುವನ್ನು ಕಂಡು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಆಮೇಲೆ ಸುತ್ತಲೂ ಕಣ್ಣಾಡಿಸಿ, "ಅರ್ಚಕರು ಎಲ್ಲಿ?" ಎಂದರು. ಕಾವಲುಗಾರ ವಿನಯದಿಂದಲೇ ಇಲ್ಲಿ ಪೂಜೆ ಇಲ್ಲ, ಕಾಯಿ ಒಡೆಯುವಂತಿಲ್ಲ ಎಂದ. ಮೆಟ್ಟಿಲಿಳಿಯುವಾಗ ಕೋತಿಯೊಂದು ಮಗನ ಕೈಯಿಂದ ಕಾಯಿ ಕಿತ್ತುಕೊಂಡಿತು. ಮೂಸಿತು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು, ಸಂತೆಯಲ್ಲಿ ಚೌಕಾಸಿ ಮುಗಿಸಿದ ಗಿರಾಕಿಯಂತೆ ಕೆಳಗಿಟ್ಟು, ನನ್ನ ಚಕ್ಕುಲಿ ಪೊಟ್ಟಣವನ್ನು ಎತ್ತಿಕೊಂಡು ಹೋಯಿತು. ಅತ್ತೆಗೆ ಇದು ದೈವಸಂಕೇತ. ನನ್ನ ಚಕ್ಕುಲಿಯ ಸಂಕೇತವೇನೆಂದು ಯಾರೂ ವಿಚಾರಿಸಲಿಲ್ಲ.

ಮರುದಿನ ಮೊದಲು ದೂರದ ಐಹೊಳೆ, ಹಿಂದಿರುಗುವಾಗ ಪಟ್ಟದಕಲ್ಲು ಎಂದು ಲೆಕ್ಕ ಹಾಕಿದ್ದೆವು. ಐಹೊಳೆಯಲ್ಲಿ "ದುರ್ಗ ದೇವಾಲಯ" ಎಂಬ ಹೆಸರು ಕಿವಿಗೆ ಬೀಳುತ್ತಲೇ ಅತ್ತೆ ಮಂಡಿನೋವು ಮರೆತು ಮುನ್ನುಗ್ಗಿದರು. ಮಾವನಿಗೆ ಇಂಥ ಸಂದರ್ಭಗಳೆಂದರೆ ಹಬ್ಬ. "ಇದು ದುರ್ಗಿಯ ಗುಡಿಯೇ ಅಲ್ಲ. ದುರ್ಗ ಅಂದರೆ ಕೋಟೆ. ಕೋಟೆಯ ಪಕ್ಕದ ಗುಡಿ" ಎಂದರು. ಆನೆಯ ಬೆನ್ನಿನಂತೆ ದುಂಡಗಿರುವ ಆ ಹಿಂಭಾಗವನ್ನು ನಾವೆಲ್ಲ ಫೋಟೊ ತೆಗೆದುಕೊಳ್ಳುತ್ತಿದ್ದರೆ, ಅತ್ತೆ ಗರ್ಭಗುಡಿಯೊಳಗೆ ಇಣುಕಿ ಬಂದು ಪ್ರದಕ್ಷಿಣಾಪಥದಲ್ಲಿದ್ದ ಮಹಿಷಮರ್ದಿನಿಯ ಎದುರು ನಿಂತರು. "ಕೋಣನನ್ನು ಕೊಂದವಳು ಹೊರಗೆ ನಿಂತಿದ್ದಾಳೆ, ಒಳಗೆ ಯಾರೂ ಇಲ್ಲ. ಇದು ಎಲ್ಲಿಯ ನ್ಯಾಯ?" ಎಂದು ಪುರಾತತ್ವ ಇಲಾಖೆಯ ಬದಲು ಮಾವನನ್ನೇ ಕೇಳಿದರು. ಪಕ್ಕದ ಲಾಡ್‌ಖಾನ್ ಗುಡಿಗೆ ಒಂದು ಕಾಲದಲ್ಲಿ ಅದರಲ್ಲಿ ವಾಸವಿದ್ದವನ ಹೆಸರೇ ಬಂದಿದೆ ಎಂದು ಅವರು ಸಮಾಧಾನ ಹೇಳಲು ಹೋದರು. ಅದು ಸಮಾಧಾನವಾಗಲಿಲ್ಲ.

ಕೊನೆಗೆ ಪಟ್ಟದಕಲ್ಲು. 1987ರಿಂದ ವಿಶ್ವ ಪರಂಪರೆಯ ತಾಣ. ಗಂಡ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ. (ನನ್ನ ಗಂಡ ಒಂದು ಪಾರ್ಕಿಂಗ್ ಜಾಗ ಗೆದ್ದರೂ ನಾನು ಹೂವಿನ ಹಾರ ಹಾಕುವವಳಿದ್ದೆ.) ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ದೀಪ ಉರಿಯುತ್ತಿತ್ತು. ಲಿಂಗದ ಮೇಲೆ ಹೊಸ ಹೂವಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು, ಹಿಂದೆ ತಿರುಗದೆಯೇ ಕೈ ಚಾಚಿದರು.

ಕೈಗೆ ಏನೂ ಬರಲಿಲ್ಲ.

ಮಗ ತನ್ನ ಚಪ್ಪಲಿ ಬಿಟ್ಟ ಬರಿಗಾಲನ್ನೇ ನೋಡುತ್ತಾ ನಿಂತಿದ್ದ. "ಆ ಗುಡಿಯಲ್ಲಿ ದೇವರಿಲ್ಲ ಎಂದು ಅಜ್ಜಿಗೆ ಬೇಸರವಾಗಿತ್ತಲ್ಲ. ಅದಕ್ಕೆ ಒಳಗೆ ಇಟ್ಟು ಬಂದೆ" ಎಂದ.

ನಾನು ಉಸಿರು ಬಿಗಿಹಿಡಿದೆ. ಅತ್ತೆ ಅವನನ್ನೊಮ್ಮೆ, ವಿರೂಪಾಕ್ಷನನ್ನೊಮ್ಮೆ ನೋಡಿದರು.

"ಜುಟ್ಟು ಮೇಲೆ ಮಾಡಿ ಇಟ್ಟೆ ತಾನೇ?" ಎಂದರು.