ಇನ್ನೂ ಇಲ್ಲೇ ಇದ್ದೀಯಾ ಮಾರಾಯ?

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಈಗ ಯಾವುದೂ ಇದ್ದ ಜಾಗದಲ್ಲಿ ಇಲ್ಲ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಸಮುದ್ರದ ಕಡೆ. 2024ರಿಂದ ಅವು ಆಡುತ್ತಿರುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ. ಬಿಗ್ ಟೆನ್ ಅನ್ನುವ ಕೂಟದಲ್ಲಿ 18 ತಂಡಗಳಿವೆ. ಬಿಗ್ ಟ್ವೆಲ್ವ್‌ನಲ್ಲಿ 16. ಇವೆಲ್ಲ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು. ಗಣಿತದ ಮೇಷ್ಟ್ರೂ ಇದ್ದಾರೆ, ಭೂಗೋಳದ ಮೇಷ್ಟ್ರೂ ಇದ್ದಾರೆ. ಯಾರೂ ಚಕಾರ ಎತ್ತಿಲ್ಲ.

ಆಟಗಾರರೂ ಬೇಕಾದಾಗ ಕಾಲೇಜು ಬದಲಿಸುತ್ತಾರೆ. ಇಂಥ ಕಾಲದಲ್ಲಿ ನೀನೊಬ್ಬ. 72ನೇ ನಂಬರಿನ ಲೆಫ್ಟ್ ಗಾರ್ಡ್. ಮೊದಲ ವರ್ಷ ಸ್ಕೌಟ್ ಟೀಮ್, ಆಮೇಲೆ ಮೂರು ವರ್ಷ ಬೆಂಚು, ಐದನೇ ವರ್ಷ ಅಂತೂ ಇಂತೂ ತಂಡದಲ್ಲಿ ಜಾಗ. ಎಲ್ಲಾ ಒಂದೇ ಕಾಲೇಜಿನಲ್ಲಿ! ನಿನ್ನ ಹೆಸರು ಬರೆಯುತ್ತಿಲ್ಲ. ನಿನ್ನಂಥವರು ಎಲ್ಲ ಕಾಲೇಜಿನಲ್ಲೂ ಇರುತ್ತಾರೆ. ಟಿವಿಯವರೇ ಹೆಸರು ಹೇಳುವುದಿಲ್ಲ, ನನಗೇನು ದರ್ದು. ಆದರೆ ಒಂದು ಮಾತು ಕೇಳಲೇಬೇಕು. ಇನ್ನೂ ಇಲ್ಲೇ ಇದ್ದೀಯಾ ಮಾರಾಯ? ನಿನ್ನಿಂದ ಎಷ್ಟು ಜನಕ್ಕೆ ತೊಂದರೆ ಅಂತ ಗೊತ್ತಾ? ಏಜೆಂಟನಿಗೆ ಕಮಿಷನ್ ಇಲ್ಲ. ಪತ್ರಕರ್ತನಿಗೆ ಬ್ರೇಕಿಂಗ್ ನ್ಯೂಸ್ ಇಲ್ಲ. ಅಭಿಮಾನಿಗೆ ದ್ರೋಹಿ ಅಂತ ಬೈಯುವ ಸುಖವೂ ಇಲ್ಲ.

ಈ ಆಟ ನೋಡದ ಓದುಗರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವುದು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹೀರೋ. ಅವನ ಮೈಗೆ ಧೂಳು ತಾಗದ ಹಾಗೆ ಮುಂದೆ ಐದು ಜನ ಸಾಲಾಗಿ ನಿಲ್ಲುತ್ತಾರೆ, ಒಬ್ಬೊಬ್ಬರೂ 130, 140 ಕಿಲೋ. ನಮ್ಮ ಗಾರ್ಡ್ ಈ ಸಾಲಿನವನೇ. ಅವರು ಗುದ್ದಬಹುದು, ತಡೆಯಬಹುದು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ, ಹಾಗಂತ ನಿಯಮವೇ ಇದೆ. ಸ್ಕೌಟ್ ಟೀಮ್ ಅಂದರೆ ಅಭ್ಯಾಸದಲ್ಲಿ ಮುಂದಿನ ಎದುರಾಳಿಯ ವೇಷ ಹಾಕುವವರು. ಈ ವಾರ ಮಿಷಿಗನ್ ತರ ಆಡು, ಮುಂದಿನ ವಾರ ಅಯೋವಾ ತರ ಆಡು. ವಾರವಿಡೀ ಸ್ವಂತ ತಂಡದವರ ಕೈಲಿ ಗುದ್ದಿಸಿಕೊಂಡು, ಶನಿವಾರ ಮಾಸದ ಅಂಗಿಯಲ್ಲಿ ಮೈದಾನದ ಅಂಚಿನಲ್ಲಿ ನಿಂತು ಟವೆಲ್ ಬೀಸುವುದು.

72ನೇ ನಂಬರ್ ಲೋಕಕ್ಕೆ ಕೇಳಿಸುವ ಸಂದರ್ಭ ಒಂದೇ. ಎದುರಿನವನ ಅಂಗಿ ಹಿಡಿದು ಎಳೆದರೆ ರೆಫರಿ ಹಳದಿ ಬಟ್ಟೆ ಎಸೆಯುತ್ತಾನೆ. ಆಮೇಲೆ ಮೈಕ್ ಆನ್ ಮಾಡಿ, ಇಡೀ ಸ್ಟೇಡಿಯಂಗೆ ಕೇಳುವ ಹಾಗೆ ಹೇಳುತ್ತಾನೆ: ಹೋಲ್ಡಿಂಗ್, 72ನೇ ನಂಬರ್, ಹತ್ತು ಗಜ ಹಿಂದಕ್ಕೆ. ಉಳಿದ ಅಷ್ಟೂ ಸಲ ಸರಿಯಾಗಿ ತಡೆದದ್ದಕ್ಕೆ ಮೈಕ್ ಇಲ್ಲ. ಮದುವೆ ಮನೆಯಲ್ಲಿ ಸಾರು ಬಡಿಸುವವನ ಪಾಡು ಇದೇ ಅಲ್ವಾ? ಸಾವಿರ ಎಲೆಗೆ ಬಡಿಸಿದ್ದು ವಿಡಿಯೋದಲ್ಲಿ ಬರಲ್ಲ, ಬೀಗರ ಪಂಚೆ ಮೇಲೆ ಚೆಲ್ಲಿದ್ದು ಮಾತ್ರ ಬರುತ್ತೆ.

ಹಾಗಂತ ನಿಮ್ಮನ್ನು ಯಾರೂ ಗುರುತಿಸಿಲ್ಲ ಅಂತ ಅಲ್ಲ. 1935ರಿಂದ ಹೈಸ್‌ಮನ್ ಟ್ರೋಫಿ ಕೊಡುತ್ತಿದ್ದಾರೆ, ದೇಶದ ಅತ್ಯುತ್ತಮ ಆಟಗಾರನಿಗೆ. ನಿಮ್ಮ ಸಾಲಿನಿಂದ 1973ರಲ್ಲಿ ಒಹಾಯೊ ಸ್ಟೇಟ್‌ನ ಜಾನ್ ಹಿಕ್ಸ್ ಎರಡನೇ ಸ್ಥಾನದ ತನಕ ಹೋಗಿದ್ದ. ಗೆದ್ದವರು ಯಾರೂ ಇಲ್ಲ. ಅದಕ್ಕೇ 2015ರಲ್ಲಿ ನಿಮಗಾಗಿಯೇ ಜೋ ಮೂರ್ ಪ್ರಶಸ್ತಿ ಶುರು ಮಾಡಿದರು. ಇಡೀ ಸಾಲಿಗೆ ಸೇರಿಸಿ ಒಂದು. ಕಂಚಿನ ಆ ಟ್ರೋಫಿ ಹತ್ತಿರ ಹತ್ತಿರ 360 ಕಿಲೋ ತೂಗುತ್ತದೆ. ಯಾರೂ ಒಬ್ಬನೇ ಮನೆಗೆ ಒಯ್ಯಬಾರದು ಅನ್ನುವ ಮುಂಜಾಗ್ರತೆ ಇರಬೇಕು.

ಇನ್ನೊಂದು ಪ್ರಶಸ್ತಿ ಬರ್ಲ್ಸ್‌ವರ್ತ್ ಟ್ರೋಫಿ. ಬ್ರ್ಯಾಂಡನ್ ಬರ್ಲ್ಸ್‌ವರ್ತ್ ಆರ್ಕನ್ಸಾ ತಂಡಕ್ಕೆ ಸ್ಕಾಲರ್‌ಶಿಪ್ ಇಲ್ಲದೆ ಸೇರಿದವನು. ವಾಕ್‌ಆನ್ ಅಂತಾರೆ, ಕೈಯಿಂದ ಫೀಸ್ ಕಟ್ಟಿ ಗುದ್ದಿಸಿಕೊಳ್ಳಲು ಬರುವವರು. ಗಾರ್ಡ್ ಆಗಿ ಬೆಳೆದು ದೇಶದ ಅತ್ಯುತ್ತಮರಲ್ಲಿ ಒಬ್ಬನಾದ. 1999ರಲ್ಲಿ ವೃತ್ತಿಪರ ತಂಡ ಅವನನ್ನು ಆರಿಸಿಕೊಂಡ 11 ದಿನಕ್ಕೆ ಕಾರ್ ಅಪಘಾತದಲ್ಲಿ ತೀರಿಕೊಂಡ. ಅವನ ಹೆಸರಿನ ಪ್ರಶಸ್ತಿ ವಾಕ್‌ಆನ್ ಆಗಿ ಶುರು ಮಾಡಿದವರಿಗೆ. 2015, 2016ರಲ್ಲಿ ಬೇಕರ್ ಮೇಫೀಲ್ಡ್‌ಗೆ ಬಂತು. 2022ರಲ್ಲಿ ಸ್ಟೆಟ್ಸನ್ ಬೆನೆಟ್‌ಗೆ ಬಂತು. ಇಬ್ಬರೂ ಕ್ವಾರ್ಟರ್‌ಬ್ಯಾಕ್. ಒಬ್ಬ ಆಮೇಲೆ ಹೈಸ್‌ಮನ್ ಗೆದ್ದ, ಇನ್ನೊಬ್ಬ ಜಾರ್ಜಿಯಾಗೆ ಸಾಲಾಗಿ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ. ನಿಯಮದ ಪ್ರಕಾರ ಇಬ್ಬರೂ ಅರ್ಹರೇ, ತಕರಾರಿಲ್ಲ. ಆದರೆ ಯಾರ ಕಣ್ಣಿಗೂ ಬೀಳದವರಿಗೆ ಇಟ್ಟ ಟ್ರೋಫಿ ದೇಶಕ್ಕೆಲ್ಲ ಗೊತ್ತಿದ್ದವರ ಮನೆಗೇ ಮತ್ತೆ ಮತ್ತೆ ಹೋಯಿತು. ಕಣ್ಣಿಗೆ ಬಿದ್ದವರನ್ನು ಆರಿಸುವುದು ಸುಲಭ ನೋಡು.

ನಿನಗಿಂತ ಪಾಪದವನು ಲಾಂಗ್ ಸ್ನಾಪರ್. ಅವನ ಕೆಲಸ ಬಗ್ಗಿ ನಿಂತು, ಕಾಲುಗಳ ಮಧ್ಯದಿಂದ ಲೋಕವನ್ನು ತಲೆಕೆಳಗಾಗಿ ನೋಡುತ್ತಾ, ಸುಮಾರು 15 ಗಜ ಹಿಂದೆ ನಿಂತ, ಚೆಂಡು ಒದೆಯುವ ಪಂಟರ್‌ಗೆ ಚೆಂಡು ಕಳಿಸುವುದು. ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ತಲುಪಬೇಕು. ಸೊಂಟದ ಎತ್ತರಕ್ಕೇ ಹೋಗಬೇಕು. ಚೆಂಡು ಬಿಟ್ಟ ಮೇಲೆ ಒಂದು ಸೆಕೆಂಡು ಎದುರಾಳಿ ಅವನನ್ನು ಮುಟ್ಟುವಂತಿಲ್ಲ ಅಂತ ನಿಯಮ ಮಾಡಿದ್ದಾರೆ. ಇಡೀ ವ್ಯವಸ್ಥೆ ಅವನ ಬಗ್ಗೆ ಯೋಚಿಸುವುದು ಆ ಒಂದು ಸೆಕೆಂಡು ಮಾತ್ರ.

ನಾಲ್ಕು ವರ್ಷ ತಪ್ಪಿಲ್ಲದೆ ಕಳಿಸಿದರೆ ಅವನು ಯಾರು ಅಂತ ಯಾರಿಗೂ ಗೊತ್ತಿರಲ್ಲ. ಒಂದು ಚೆಂಡು ಕೆಳಗೆ ಹೋದರೆ? 2015ರ ಅಕ್ಟೋಬರ್ 17. ಮಿಷಿಗನ್‌ನ ಸ್ಟೇಡಿಯಂನಲ್ಲಿ ಲಕ್ಷಕ್ಕೂ ಜಾಸ್ತಿ ಜನ. ಮಿಷಿಗನ್ 23, ಮಿಷಿಗನ್ ಸ್ಟೇಟ್ 21, ಉಳಿದದ್ದು 10 ಸೆಕೆಂಡು. ಚೆಂಡು ಒದ್ದು ಕಳಿಸಿದರೆ ಮುಗಿಯಿತು. ಸ್ನಾಪ್, ಅಂದರೆ ಹಿಂದಕ್ಕೆ ಕಳಿಸಿದ ಚೆಂಡು, ಕೆಳಗೆ ಬಂತು, ಪಂಟರ್ ಬ್ಲೇಕ್ ಒನೀಲ್ ಕೈಯಲ್ಲಿ ನಿಲ್ಲಲಿಲ್ಲ. ಮೇಲೆ ಹಾರಿದ ಚೆಂಡು ಸಿಕ್ಕಿದ್ದು ಎದುರಾಳಿಯ ಜೇಲನ್ ವಾಟ್ಸ್-ಜ್ಯಾಕ್ಸನ್‌ಗೆ. ಹೆಸರೇ ಕೇಳಿರದ ಮೀಸಲು ಹುಡುಗ. 38 ಗಜ ಓಡಿ ಗೆರೆ ದಾಟಿದ, ಗಡಿಯಾರ ಸೊನ್ನೆಗೆ ಬಂತು, 27-23. ಗೆದ್ದ ಖುಷಿಗೆ ಜೊತೆಯವರೆಲ್ಲ ಅವನ ಮೇಲೆ ಬಿದ್ದರು. ಆ ರಾಶಿಯ ಅಡಿಯಲ್ಲಿ ಅವನ ಸೊಂಟದ ಕೀಲು ತಪ್ಪಿ ಮುರಿದಿತ್ತು. ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಸೋತವನಿಗೆ ಆನ್‌ಲೈನ್‌ನಲ್ಲಿ ಬೆದರಿಕೆ, ಗೆಲ್ಲಿಸಿದವನಿಗೆ ಆಸ್ಪತ್ರೆ. ಬೆಂಚಿನಿಂದ ಎದ್ದು ಬಂದವರಿಗೆ ಈ ಆಟ ಕೊಡುವ ಸಂಭಾವನೆ ಒಮ್ಮೊಮ್ಮೆ ಹೀಗಿರುತ್ತದೆ.

ಈಗ ನಿಷ್ಠೆಯ ವಿಷಯ. ನಿಷ್ಠೆ ಅಂದರೆ ಏನು ಅಂತ ನಿನಗೆ ಕಲಿಸಿದವರು ಕೋಚ್ ಸಾಹೇಬರು. ತಂಡ ಅಂದರೆ ಕುಟುಂಬ ಅಂತ ಲಾಕರ್ ರೂಮಿನ ಗೋಡೆ ಮೇಲೆ ಬರೆಸಿದವರೂ ಅವರೇ. ಸರಿ, ಅವರನ್ನೇ ನೋಡಿ ಕಲಿ. ಟೆಕ್ಸಸ್ ಎ ಆ್ಯಂಡ್ ಎಂ 2023ರ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆಯಿತು. ತೆಗೆದದ್ದಕ್ಕೆ ಕೊಡಬೇಕಾದ ಹಣ 7.5 ಕೋಟಿ ಡಾಲರ್‌ಗೂ ಜಾಸ್ತಿ, ಅಂದರೆ 600 ಕೋಟಿ ರೂಪಾಯಿ ದಾಟಿತು. ಕಂತು 2031ರ ತನಕ ಇದೆ. ಕೆಲಸ ಮಾಡದೆ ಕಾಯುವುದರಲ್ಲಿ ನೀನೂ ಅವರೂ ಒಂದೇ, ಲೆಕ್ಕ ಮಾತ್ರ ಬೇರೆ. 2025ರ ಕೊನೆಯಲ್ಲಿ ಇನ್ನೊಬ್ಬ ಕೋಚ್ ಲೇನ್ ಕಿಫಿನ್ ಓಲ್ ಮಿಸ್ ತಂಡವನ್ನು 12ರಲ್ಲಿ 11 ಪಂದ್ಯ ಗೆಲ್ಲಿಸಿ ಪ್ಲೇಆಫ್ ಬಾಗಿಲಿಗೆ ತಂದು, ಪ್ಲೇಆಫ್ ಶುರುವಾಗುವ ಮೊದಲೇ ಎಲ್‌ಎಸ್‌ಯು ಅನ್ನುವ ಬೇರೆ ಕಾಲೇಜಿಗೆ ಹೊರಟರು. ಮಕ್ಕಳು ಮಾತ್ರ ತಾಳ್ಮೆ ಕಲಿಯಬೇಕು.

ಹುಡುಗರೂ ಕಲಿತರು, ಬೇರೆ ಪಾಠ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಕಾಲೇಜು ಬದಲಿಸುವವರು ಹೆಸರು ಕೊಡುವ ಪಟ್ಟಿ. 2021ರಿಂದ ಒಂದು ಸಲ, 2024ರಿಂದ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು. ಹೋಗುವವರನ್ನು ನಾನು ಬೈಯಲ್ಲ. ಟಿವಿ ದುಡ್ಡೆಲ್ಲ ದಶಕಗಟ್ಟಲೆ ಕಾಲೇಜುಗಳೇ ತಿಂದವು, ಆಡುವವರಿಗೆ ಈಗಷ್ಟೇ ಪಾಲು ಸಿಗುತ್ತಿದೆ, ಸಿಗಲಿ. ತಮಾಷೆ ಇರುವುದು ಉಳಿದವರ ಕಥೆಯಲ್ಲಿ. 2024ರಲ್ಲಿ ಮಾರ್ಷಲ್ ತಂಡ ತನ್ನ ಕೂಟದ ಚಾಂಪಿಯನ್ ಆಯಿತು. ಕೋಚ್ ಬೇರೆ ಕಾಲೇಜಿಗೆ ಹೋದರು. ಹಿಂದೆಯೇ ಎರಡು ಡಜನ್‌ಗೂ ಜಾಸ್ತಿ ಆಟಗಾರರು ಪೋರ್ಟಲ್ ಸೇರಿದರು. ಇಂಡಿಪೆಂಡೆನ್ಸ್ ಬೌಲ್ ಅನ್ನುವ ಸೀಸನ್ ಕೊನೆಯ ಪಂದ್ಯ ಆಡಲು ಜನ ಸಾಲಲ್ಲ ಅಂತ ತಂಡ ಪಂದ್ಯದಿಂದಲೇ ಹಿಂದೆ ಸರಿಯಿತು. ಹೋದವರಿಗೆ ಹೊಸ ಕಾಲೇಜು ಇತ್ತು. ಹೋಗದೆ ಉಳಿದವರಿಗೆ ಚಾಂಪಿಯನ್ ಆಗಿಯೂ ಆಡಲು ಪಂದ್ಯ ಇರಲಿಲ್ಲ.

2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಂದವೂ ಆಯಿತು. ಪ್ರತಿ ಕಾಲೇಜು ವರ್ಷಕ್ಕೆ 2 ಕೋಟಿ ಡಾಲರ್‌ಗೂ ಸ್ವಲ್ಪ ಜಾಸ್ತಿ ತನ್ನ ಕ್ರೀಡಾಪಟುಗಳಿಗೆ ಹಂಚಬಹುದು. ಜೊತೆಗೆ ಒಂದು ಮಿತಿ: ಫುಟ್‌ಬಾಲ್ ತಂಡದಲ್ಲಿ 105 ಜನಕ್ಕಿಂತ ಜಾಸ್ತಿ ಇರಬಾರದು. ಮೊದಲು 85 ಸ್ಕಾಲರ್‌ಶಿಪ್, ಅದರ ಮೇಲೆ ವಾಕ್‌ಆನ್‌ಗಳು ಎಷ್ಟಾದರೂ ಇರಬಹುದಿತ್ತು. ಅಂದರೆ ದುಡ್ಡು ಹಂಚುವ ದಿನ ಬಂದಾಗ, ದುಡ್ಡೇ ಕೇಳದವರನ್ನು ಮನೆಗೆ ಕಳಿಸಿದರು. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಇದಕ್ಕೇ ತಡೆ ಹಾಕಿ ಕೂತರು. ಕೊನೆಗೆ, ಹೀಗೆ ಜಾಗ ಕಳೆದುಕೊಂಡವರನ್ನು 105ರ ಲೆಕ್ಕಕ್ಕೆ ಸೇರಿಸದೆ ಇಟ್ಟುಕೊಳ್ಳಬಹುದು ಅಂತ ಆಯಿತು. ಇಟ್ಟುಕೊಳ್ಳಲೇಬೇಕು ಅಂತ ಅಲ್ಲ, ಕಾಲೇಜಿನ ಇಷ್ಟ. ಲೆಕ್ಕಕ್ಕಿಲ್ಲದವರು ಅಂತ ಇಷ್ಟು ದಿನ ಸುಮ್ನೆ ಮಾತಿಗೆ ಹೇಳುತ್ತಿದ್ದರು, ಈಗ ಕೋರ್ಟ್ ದಾಖಲೆಯೇ ಇದೆ.

ಹಾಗಾಗಿ ತಮ್ಮಾ, ನನ್ನ ಮಾತು ಕೇಳು. ಪೋರ್ಟಲ್ ತೆರೆದ ದಿನ ನೀನೂ ಹೆಸರು ಕೊಟ್ಟುಬಿಡು. ದೇವರಿಗೆ, ಅಪ್ಪ ಅಮ್ಮನಿಗೆ, ಕೋಚಿಗೆ ಥ್ಯಾಂಕ್ಸ್ ಹೇಳಿ, ಕೊನೆಗೆ ಕೈ ಮುಗಿಯುವ ಇಮೋಜಿ ಹಾಕಿ ಒಂದು ಪೋಸ್ಟ್ ಬರೆ. ಐದು ವರ್ಷ ನಿನ್ನ ಹೆಸರು ತಪ್ಪಾಗಿ ಕರೆಯುತ್ತಿದ್ದ ಸಹಾಯಕ ಕೋಚ್ ಅರ್ಧ ಗಂಟೆಯಲ್ಲಿ ಫೋನ್ ಮಾಡುತ್ತಾನೆ, ಹೆಸರು ಸರಿಯಾಗಿ ಹೇಳಿ. ಎತ್ತಬೇಡ. ಮಾರನೇ ದಿನ ಊರಿನ ಕಾರ್ ಡೀಲರ್ ಜಾಹೀರಾತಿಗೆ ಕರೆಯಲು ಫೋನ್ ಮಾಡುತ್ತಾನೆ. ಅದನ್ನು ಎತ್ತು. ಒಂದು ವಾರ ಕಳೆದ ಮೇಲೆ ಅದೇ ಕಾಲೇಜಿಗೆ ಹೊಸ ಸೇರ್ಪಡೆಯಾಗಿ ವಾಪಸ್ ಬಾ. ಹೊಗೆ ಬಿಟ್ಟು, ಕೆಂಪು ಲೈಟ್ ಹಾಕಿ ಫೋಟೋ ತೆಗೆಯುತ್ತಾರೆ. ಅನುಭವಿ ಗಾರ್ಡ್ ಸಿಕ್ಕಿದ್ದು ನಮ್ಮ ಪುಣ್ಯ ಅಂತ ಕೋಚ್ ಪತ್ರಿಕಾಗೋಷ್ಠಿ ಮಾಡುತ್ತಾರೆ. ಮೈಕ್ ಕೂಡ ಕೊಡುತ್ತಾರೆ.

72ನೇ ನಂಬರ್ ಮಾತ್ರ ಕೇಳಬೇಡ. ನೀನು ಹೋದ ದಿನವೇ ಅದನ್ನು ಇನ್ನೊಬ್ಬನಿಗೆ ಕೊಟ್ಟಿರುತ್ತಾರೆ.