ಮೂರು ತೂತಿನ ಆಯುಧ

ಮೈಸೂರಿನಲ್ಲಿ ಆಯುಧಪೂಜೆಯ ದಿನ ಮನೆಯ ಯಾವ ಸಾಮಾನೂ ಕುಂಕುಮದಿಂದ ತಪ್ಪಿಸಿಕೊಳ್ಳಲಾರದು. ಕಳೆದ ವರ್ಷ ಸ್ಕೂಟರಿನ ಕೀ, ಈಳಿಗೆಮಣೆ, ಕಟಿಂಗ್ ಪ್ಲೇಯರ್‌ಗಳ ಸಾಲಿನಲ್ಲಿ, ನಾನು ಶಿವರಾಂಪೇಟೆಯಲ್ಲಿ ಚೌಕಾಸಿ ಮಾಡಿ ತಂದಿದ್ದ, ಕರೆಂಟು ಅಳೆಯುವ ಹಳದಿ ಮಲ್ಟಿಮೀಟರೂ ಮಣೆಯ ಮೇಲೆ ಕುಳಿತಿತ್ತು. ಪೂಜೆಗೆ ಮೊದಲು ಅಮ್ಮ ಅದರ ಕೆಂಪು, ಕಪ್ಪು ವೈರುಗಳನ್ನು ಕಿತ್ತು, ಬಟ್ಟೆಯಿಂದ ಮೈಯೊರೆಸಿ, ಮುಖದ ತುಂಬ ವಿಭೂತಿ ಬಳಿದು, ವೈರುಗಳನ್ನು ಮತ್ತೆ ಸಿಕ್ಕಿಸಿದ್ದಳು. ಆ ಮೀಟರಿನ ಕೆಳಮೂಲೆಯಲ್ಲಿ ಒಂದರ ಮೇಲೊಂದು ಮೂರು ತೂತುಗಳಿವೆ, ವೈರುಗಳು ಮಾತ್ರ ಎರಡೇ. ಕಪ್ಪನ್ನು ಕೆಳಗೂ ಕೆಂಪನ್ನು ಮೇಲೂ ಹಾಕಿ ನಡುವೆ ಒಂದು ಜಾಗ ಬಿಟ್ಟರೆ ನೋಡಲು ಲಕ್ಷಣವಾಗಿರುತ್ತದೆ ಎಂದು ಅಮ್ಮನಿಗೆ ತೋರಿದೆ. ಮೇಲಿನ ತೂತಿನ ಪಕ್ಕದಲ್ಲಿ ಅದು ಹತ್ತು ಆಂಪಿಯರ್‌ನದೆಂದೂ ಅದಕ್ಕೆ ಫ್ಯೂಸ್ ಇಲ್ಲವೆಂದೂ ಅಚ್ಚಾಗಿದ್ದ ಅಕ್ಷರಗಳು ವಿಭೂತಿಯ ಅಡಿಯಲ್ಲಿ ಧ್ಯಾನಕ್ಕೆ ಕುಳಿತಿದ್ದವು.

ಮರುದಿನ ವಿಜಯದಶಮಿ. ಜಂಬೂಸವಾರಿಯ ನೂಕುನುಗ್ಗಲಿಗೆ ಹೆದರುವ ಮಂಡ್ಯದ ನೆಂಟರೆಲ್ಲ ಅದನ್ನು ಟಿವಿಯಲ್ಲಿ ನೋಡುವುದಕ್ಕೆಂದು ಮೈಸೂರಿನವರೆಗೆ ಬಂದು ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಕುಳಿತಿದ್ದರು. (ಮಂಡ್ಯದಲ್ಲೂ ಟಿವಿಗಳಿವೆ ಎಂಬ ಮಾತನ್ನು ನಾನು ಆಡಲಿಲ್ಲ.) ಸರಿಯಾಗಿ ಆ ಹೊತ್ತಿಗೆ ಟಿವಿಯ ಪ್ಲಗ್ ಪಾಯಿಂಟ್ ಸತ್ತಿತು. ಹದಿನೈದು ಜನರ ಎದುರಿಗೆ ಉಪಕರಣ ಹಿಡಿದು ನಿಲ್ಲುವ ಅವಕಾಶ ನನ್ನಂಥವನಿಗೆ ಪದೇ ಪದೇ ಬರುವುದಿಲ್ಲ. ಮೊದಲು ಸರಿಯಿರುವ ಪಕ್ಕದ ಪಾಯಿಂಟಿನಲ್ಲಿ 230 ವೋಲ್ಟ್ ತೋರಿಸಿ ಸಭಿಕರಿಗೆ ನಂಬಿಕೆ ಹುಟ್ಟಿಸೋಣವೆಂದುಕೊಂಡು, ಗುಂಡಿಯನ್ನು ಎಸಿ 750ರ ಗುರುತಿಗೆ ತಿರುಗಿಸಿ, ಎರಡು ಕಡ್ಡಿಗಳನ್ನೂ ಸಾಕೆಟ್ಟಿನೊಳಕ್ಕೆ ಇಳಿಸಿದೆ.

ಢಬ್ಬೆಂದು ಶಬ್ದವಾಯಿತು. ನೀಲಿ ಬೆಳಕೊಂದು ಕಣ್ಣೆದುರು ಮಿಂಚಿ, ಕರೆಂಟು ಮಿತಿಮೀರಿದರೆ ತಾನೇ ಆರುವ ಸ್ವಿಚ್ಚಾದ ಎಂಸಿಬಿ ಬಿದ್ದು, ಹಾಲಿನ ಫ್ಯಾನು ನಿಂತಿತು. ಸಾಕೆಟ್ಟಿನ ಬಾಯಿಗೆ ಕಾಡಿಗೆ ಹಚ್ಚಿದಂತಾಗಿತ್ತು. ಸೂಜಿಯಂತಿದ್ದ ಕೆಂಪು ಕಡ್ಡಿಯ ತುದಿ ಕರಗಿ ಸಾಸಿವೆ ಕಾಳಿನಂತೆ ಗುಂಡಗಾಗಿತ್ತು. ಆ ಮೌನದಲ್ಲಿ ಮೊದಲು ಮಾತನಾಡಿದವರು ಮಳವಳ್ಳಿ ಕಡೆಯಲ್ಲಿ ಮೂವತ್ತು ವರ್ಷ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದ ನನ್ನ ಸೋದರಮಾವ. “ಯಾವ ತೂತಲ್ಲಿ ಯಾವ ಕಡ್ಡಿ ಅದೆ ಅಂತ ನೋಡ್ದೆ ಕರೆಂಟಿಗೆ ಇಕ್ಕುದ್ಯೇನ್ಲಾ?” 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ತಮ್ಮ ತಾಲ್ಲೂಕಿನ ನೀರಿನ ಬಲದಿಂದ ಎಂಬ ಹೆಮ್ಮೆ ಮಾವನಿಗೆ ಇಂದಿಗೂ ಇದೆ. ಆ ಪರಂಪರೆಗೆ ನಾನು ತಂದ ಕಳಂಕ ಅವರ ಮುಖದಲ್ಲಿ ಕಾಣುತ್ತಿತ್ತು.

ಅವರು ವಿವರಿಸಿದ್ದು ಹೀಗೆ. ವೋಲ್ಟೇಜ್ ಅಳೆಯುವ ನಡುವಿನ ತೂತಿನ ಹಿಂದೆ ಹತ್ತು ಲಕ್ಷ ಓಮ್‌ನಷ್ಟೋ ಅದಕ್ಕಿಂತ ಹೆಚ್ಚೋ ತಡೆ ಇರುವುದರಿಂದ ಕರೆಂಟು ಅಲ್ಲಿ ಇಣುಕಿ ನೋಡಿ ಹಿಂದಿರುಗುತ್ತದೆ. ಆಂಪಿಯರ್ ಅಳೆಯುವ ತೂತಿನ ಹಿಂದೆ ಇರುವುದಾದರೋ ತಡೆಯೇ ಇಲ್ಲವೆನ್ನಬಹುದಾದ ಒಂದು ದಪ್ಪ ತಂತಿಯ ತುಂಡು. ಅದರಲ್ಲಿ ಕಡ್ಡಿ ಇಟ್ಟು ಸಾಕೆಟ್ ಮುಟ್ಟುವುದೂ ಕರೆಂಟು ತರುವ ಫೇಸಿಗೂ ಅದು ಹಿಂದಿರುಗುವ ನ್ಯೂಟ್ರಲ್ಲಿಗೂ ನಡುವೆ ಹೇರ್‌ಪಿನ್ ಸಿಕ್ಕಿಸುವುದೂ ಒಂದೇ. ನನ್ನ ಅಗ್ಗದ ಮೀಟರಿನಲ್ಲಿ ಗುಂಡಿಯನ್ನು ಯಾವ ಗುರುತಿಗೆ ತಿರುಗಿಸಿದ್ದರೂ ಆ ತಂತಿ ತನ್ನ ಪಾಡಿಗೆ ತಾನು ಅಲ್ಲೇ ಇರುತ್ತದೆ. ಹಳಬರ ಬಾಯಲ್ಲಿ ಮಲ್ಟಿಮೀಟರೆಂದರೆ ‘ಆವೋ ಮೀಟರ್’. ಆಂಪ್, ವೋಲ್ಟ್, ಓಮ್ ಅಳೆಯಲು ಬೇರೆ ಬೇರೆ ಉಪಕರಣಗಳನ್ನು ಹೊತ್ತು ಬೇಸತ್ತ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮಕ್ಯಾಡಿ ಮೂರನ್ನೂ ಒಂದೇ ಪೆಟ್ಟಿಗೆಯೊಳಗೆ ಸೇರಿಸಿದ ಮೇಲೆ, 1923ರಲ್ಲಿ ಅದು ಮಾರುಕಟ್ಟೆಗೆ ಬಂತು. ಆತ ಇನ್ನೊಂದಿಷ್ಟು ದಿನ ಹೊತ್ತು ತಿರುಗಿದ್ದರೆ ಅಮ್ಮನಿಗೆ ತೂತು ಬದಲಿಸುವ ಅವಕಾಶವೇ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾವ ಅದನ್ನು ಒಪ್ಪಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಎಂಸಿಬಿ ಎತ್ತಿದ ಮೇಲೆ ನಾನು ಕೆಂಪು ವೈರನ್ನು ನಡುವಿನ ತೂತಿಗೆ ಬದಲಿಸಿ, ಸತ್ತ ಪಾಯಿಂಟನ್ನು ಗಂಭೀರವಾಗಿ ಪರೀಕ್ಷಿಸಿ, ಮೀಟರ್ ಸೊನ್ನೆ ತೋರಿಸಿದೊಡನೆ “ಇದರಲ್ಲಿ ಕರೆಂಟೇ ಇಲ್ಲ” ಎಂದು ಸಾರಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಮಾವ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದರು. ಅಮ್ಮ ಕಾಯಿಚಟ್ನಿ ರುಬ್ಬುತ್ತಿದ್ದಳು. ಮಿಕ್ಸಿ ಅಬ್ಬರಿಸುತ್ತಿದ್ದ ಪಾಯಿಂಟಿನ ಜೋಡಿ ಸಾಕೆಟ್ಟಿಗೆ ಕಡ್ಡಿ ಇಡಿಸಿದರು. ಅಲ್ಲಿಯೂ ಸೊನ್ನೆ. ನನ್ನ ಮೀಟರಿನ ಪ್ರಕಾರ ಆ ಚಟ್ನಿ ಕರೆಂಟಿಲ್ಲದೆ ನುಣ್ಣಗಾಗುತ್ತಿತ್ತು. ಸಿಡಿದ ಹೊಡೆತಕ್ಕೆ ಕೆಂಪು ವೈರಿನೊಳಗಿನ ಎಳೆಗಳು ಕಡಿದುಹೋಗಿದ್ದವು, ಮೇಲಿನ ರಬ್ಬರ್ ಮಾತ್ರ ನೆಟ್ಟಗಿತ್ತು. ಇಂಥ ಮೀಟರ್ ತೋರಿಸುವ ಸೊನ್ನೆಯನ್ನು ನಂಬಿ ತಂತಿ ಮುಟ್ಟಿದವರನ್ನು ಮಾವ ಕಣ್ಣಾರೆ ಕಂಡಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ.

ಅನಂತರ ಮಾವ ತಮ್ಮ ಚೀಲದಿಂದ, ‘ಕ್ಯಾಟ್ 3, 600 ವೋಲ್ಟ್’ ಎಂದು, ಅಂದರೆ ಕಟ್ಟಡದ ವೈರಿಂಗಿನ ಹೊಡೆತ ತಡೆಯಬಲ್ಲ ದರ್ಜೆಯದೆಂದು ಬರೆದಿದ್ದ ದಪ್ಪ ಮೈಯ ಮೀಟರನ್ನು ಹೊರತೆಗೆದರು. ಅದರೊಳಗಿನ ಫ್ಯೂಸು ಮರಳು ತುಂಬಿದ ಪಿಂಗಾಣಿಯದಾದ್ದರಿಂದ ಸಿಡಿದರೂ ಕಿಡಿ ಅಲ್ಲಿಯೇ ಆರುತ್ತದೆಯಂತೆ. ಊರಿಗೆ ಹೊರಟವರು ಬೀಗ ಜಗ್ಗಿ, ಗೇಟಿನವರೆಗೆ ಹೋಗಿ, ಮತ್ತೆ ಬಂದು ಜಗ್ಗುವಂತೆ, ಮಾವ ಮೊದಲು ಮಿಕ್ಸಿಯ ಸಾಕೆಟ್ಟಿನಲ್ಲಿ 228 ವೋಲ್ಟ್ ಕಂಡು, ಹಾಲಿನ ಎಂಸಿಬಿ ಮಾತ್ರ ಇಳಿಸಿ, ಟಿವಿಯ ಪಾಯಿಂಟಿನಲ್ಲಿ ಸೊನ್ನೆ ಕಂಡು, ಪುನಃ ಅಡುಗೆಮನೆಗೆ ಬಂದು 228 ಕಂಡ ಮೇಲಷ್ಟೇ ಸ್ಕ್ರೂ ಮುಟ್ಟಿದರು. “ಯುಪಿಎಸ್ ಲೈನು ಇದ್ರೊಳಗೆ ಬಂದದಾ?” ಎಂದು ನಡುವೆ ಎರಡು ಸಲ ಕೇಳಿದರು, ಏಕೆಂದರೆ ಎಂಸಿಬಿ ಇಳಿಸಿದ ಮಾತ್ರಕ್ಕೆ ಯುಪಿಎಸ್‌ನ ತಂತಿ ಸಾಯುವುದಿಲ್ಲ. ಕರೆಂಟಿರುವ ಕಡೆ ಅಳೆಯುವಾಗಲೆಲ್ಲ ಕಪ್ಪು ಕಡ್ಡಿಯನ್ನು ಮೊದಲು ನ್ಯೂಟ್ರಲ್ಲಿಗೆ ಸಿಕ್ಕಿಸಿ, ಕೆಂಪನ್ನು ಬಲಗೈಯೊಂದರಲ್ಲೇ ಹಿಡಿದು, ಎಡಗೈಯನ್ನು ದೂರವಿಡುತ್ತಿದ್ದರು. ಎರಡು ಕೈಗಳ ನಡುವೆ ಕರೆಂಟು ಹರಿದರೆ ದಾರಿಯಲ್ಲಿ ಹೃದಯ ಸಿಗುತ್ತದೆ. ಪುಸ್ತಕಗಳು ಎಡಗೈ ಜೇಬಿನಲ್ಲಿರಲಿ ಎನ್ನುತ್ತವೆ. ಪಂಚೆಯಲ್ಲಿ ಜೇಬಿಲ್ಲವಾದ್ದರಿಂದ ಮಾವ ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅರಮನೆಯ ದ್ವಾರಪಾಲಕನ ಠೀವಿಯಲ್ಲಿ ಬಾಗಿ ನಿಂತಿದ್ದರು.

ದೋಷವಿದ್ದದ್ದು ಸ್ವಿಚ್ಚಿನ ಹಿಂದೆ ಸಡಿಲವಾಗಿದ್ದ ಒಂದೇ ಒಂದು ಸ್ಕ್ರೂವಿನಲ್ಲಿ. ಟಿವಿ ಹೊತ್ತಿಕೊಳ್ಳುವಷ್ಟರಲ್ಲಿ ಅಂಬಾರಿ ಅರಮನೆಯ ಆವರಣ ದಾಟಿ ಬಹಳ ಹೊತ್ತಾಗಿತ್ತು. ನೆಂಟರಿಗೆ ಹಿಂದಿನ ಸ್ತಬ್ಧಚಿತ್ರಗಳ ಮರುಪ್ರಸಾರವೂ ಕಾಯಿಚಟ್ನಿಯೂ ದೊರೆತವು.

ಆಮೇಲೆ ನಾನೂ ಮಾವನದರಂಥ ಮೀಟರನ್ನೇ ಕೊಂಡೆ. ಅದು ಮೊದಲ ವಾರದಲ್ಲೇ ಸ್ವಿಚ್ ಆರಿಸಿ ಬಲ್ಬ್ ಬಿಚ್ಚಿದ ಹೋಲ್ಡರಿನ ತಂತಿಯಲ್ಲಿ 60 ವೋಲ್ಟ್ ತೋರಿಸಿದಾಗ, ಮನೆಯ ವೈರಿಂಗೇ ಕೆಟ್ಟಿದೆಯೆಂದು ರಾತ್ರಿ ಹತ್ತು ಗಂಟೆಗೆ ಮಾವನಿಗೆ ಫೋನ್ ಮಾಡಿದೆ. ಪಕ್ಕದಲ್ಲಿ ಹಾದುಹೋಗುವ ಜೀವಂತ ತಂತಿಯ ಪ್ರಭಾವ ಅದು, ಹೋಲ್ಡರಿಗೆ ಒಂದು ಬಲ್ಬ್ ಹಾಕಿ ನೋಡಿದರೆ ಮಾಯವಾಗುತ್ತದೆ ಎಂದು ಹೇಳಿ ಅವರು ಫೋನಿಟ್ಟರು. ಹಾಗೆಯೇ ಆಯಿತು.

ಈ ವರ್ಷದ ಆಯುಧಪೂಜೆಗೆ ಮಣೆ ಸಿದ್ಧವಾದಾಗ, ಅಮ್ಮ ಒಂದು ಕೈಯಲ್ಲಿ ವಿಭೂತಿಗಟ್ಟಿಯನ್ನೂ ಇನ್ನೊಂದು ಕೈಯಲ್ಲಿ ಹೊಸ ಮೀಟರನ್ನೂ ಹಿಡಿದು ನನ್ನ ಕೋಣೆಯ ಬಾಗಿಲಿಗೇ ಬಂದಳು. “ಇದ್ಕೆ ಎಲ್ಲಿ ಬಳೀಲಿ, ಈಗ್ಲೇ ಹೇಳ್ಬುಡಪ್ಪ.” ನಾನು ಮೀಟರನ್ನು ಚೀಲದೊಳಗಿಟ್ಟು ಜಿಪ್ ಎಳೆದುಕೊಟ್ಟೆ. ಕುಂಕುಮ ಜಿಪ್ಪಿನ ಮೇಲೆ ಬಿತ್ತು.