ಬ್ಯಾಡ್ಜರ್‌ಗಳ ಊರಲ್ಲಿ ಒಂದು ಫ್ಲೆಮಿಂಗೊ ಟೀಮು

ಧಾರವಾಡದಿಂದ ಕಾಕಾ, ಕಾಕು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ಗೆ, ನಮ್ಮ ಮನೆಗೆ ಬಂದಿದ್ದರು. ಕ್ಯಾಪಿಟಲ್, ಅಂದರೆ ಇಲ್ಲಿನ ವಿಧಾನಸೌಧ, ತೋರಿಸಿದ್ದಾಯಿತು. ಮೆಂಡೋಟಾ, ಮೊನೋನಾ ಎರಡೂ ಕೆರೆ ತೋರಿಸಿದ್ದಾಯಿತು. ಶನಿವಾರದ ರೈತರ ಸಂತೆಯಲ್ಲಿ ಒಂದು ಸುತ್ತು ಹಾಕಿ, ಕಾಕು ಇಲ್ಲಿನ ಬದನೆಕಾಯಿಗೆ ಹೆಸರಿಟ್ಟಿದ್ದೂ ಆಯಿತು. ಇನ್ನೇನು ತೋರಿಸೋದು ಅಂತ ಸಂಜೆ ಬ್ರೀಸ್ ಸ್ಟೀವನ್ಸ್ ಮೈದಾನಕ್ಕೆ ಕರೆದುಕೊಂಡು ಹೋದೆ. ನಮ್ಮ ಮ್ಯಾಡಿಸನ್ ಊರಿನ ಸಾಕರ್ (ನಾವು ಫುಟ್‌ಬಾಲ್ ಅನ್ನೋದು) ಟೀಮು, ಫಾರ್ವರ್ಡ್ ಮ್ಯಾಡಿಸನ್, ಅವತ್ತು ಆಡುತ್ತಿತ್ತು. ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಇದು ಇಲ್ಲಿನ ದೊಡ್ಡ ಲೀಗ್ ಏನು?" ಅಂತ ಕೇಳಿದರು. ಅಲ್ಲ ಕಾಕಾ, ಎಂಎಲ್‌ಎಸ್ ದೊಡ್ಡದು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಇದು ಅಂದೆ.

"ಅಂದ್ರ ಮೂರನೇ ನಂಬರಿನ ಆಟ. ಇದಕ್ಕ ರೊಕ್ಕ ಕೊಟ್ಟು ಕರ್ಕೊಂಡು ಬಂದೀಯೇನೋ?"

ಚೇಷ್ಟೆಗೆ ಅಂದಿದ್ದು. ಆದರೂ ಚುರ್ ಅಂತು. ಯಾಕೆಂದರೆ ಇದೇ ಮಾತನ್ನು ಆಫೀಸಿನಲ್ಲಿ ಬೇರೆ ಥರ ಕೇಳಿ ಕೇಳಿ ನನಗೆ ಸಾಕಾಗಿದೆ. ಮ್ಯಾಡಿಸನ್ ಕಾಲೇಜು ಆಟದ ಊರು, ಇಲ್ಲಿ ಬ್ಯಾಡ್ಜರ್ಸ್, ಅಂದರೆ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಟೀಮುಗಳು, ಬಿಟ್ಟರೆ ಬೇರೆ ಯಾವ ಟೀಮೂ ಬದುಕಲ್ಲ, ಈ ಸಾಕರ್ ಎಷ್ಟು ದಿನ ನಡೆಯುತ್ತೋ ನೋಡೋಣ ಅಂತ. ಆಲದ ಮರದ ಕೆಳಗೆ ಹುಲ್ಲೂ ಬೆಳೆಯಲ್ಲ ಅನ್ನೋ ವಾದ.

ಮರ ದೊಡ್ಡದು, ಅದು ನಿಜ. ಕಾಲೇಜು ಆಟ ಅಂದರೆ ನಮ್ಮ ಧಾರವಾಡದ ಕರ್ನಾಟಕ ಕಾಲೇಜು (ಕೆಸಿಡಿ) ಮೈದಾನದ ಇಂಟರ್ ಕಾಲೇಜ್ ಮ್ಯಾಚು ಅಂದುಕೊಳ್ಳಬೇಡಿ. ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಮೈದಾನ ಕ್ಯಾಂಪ್ ರಾಂಡಲ್‌ನಲ್ಲಿ 75,000ಕ್ಕಿಂತ ಜಾಸ್ತಿ ಜನ ಕೂರಬಹುದು. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆಯೇ ಸುಮಾರು 2.7 ಲಕ್ಷ. ಚಳಿ ಶುರುವಾಗುವ ಹೊತ್ತಿನ ಶನಿವಾರಗಳಲ್ಲಿ ಅಜ್ಜಿಯಿಂದ ಹಿಡಿದು ಕೈಗೂಸಿನ ತನಕ ಎಲ್ಲರೂ ಕೆಂಪು ಅಂಗಿ. ಮೂರನೇ ಕ್ವಾರ್ಟರ್ ಮುಗಿದಾಗ ಇಡೀ ಮೈದಾನ ಒಟ್ಟಿಗೆ ಕುಪ್ಪಳಿಸುತ್ತದೆ. ಹುಡುಗಿಯರ ವಾಲಿಬಾಲ್‌ಗೂ 2022ರಲ್ಲಿ ಕೋಲ್ ಸೆಂಟರ್‌ಗೆ 16,000ಕ್ಕೂ ಹೆಚ್ಚು ಜನ ಬಂದಿದ್ದರು. ವಾಲಿಬಾಲ್‌ಗೆ ರೀ!

ಹಾಗಾದರೆ ಸಣ್ಣ ಟೀಮಿಗೆ ಉಳಿಯೋದು ಏನು? ಬೇಸಿಗೆ ಉಳಿಯುತ್ತದೆ. ಆಫೀಸಿನ ಪಂಡಿತರು ಲೆಕ್ಕಕ್ಕೆ ಇಟ್ಟುಕೊಳ್ಳದೇ ಇರೋದು ಇದನ್ನೇ.

ಮೇ ತಿಂಗಳ ಮಧ್ಯಕ್ಕೆ ಪರೀಕ್ಷೆ ಮುಗಿದು ಹುಡುಗರು ಊರು ಬಿಡುತ್ತಾರೆ. ಆಗಸ್ಟ್ ಮಧ್ಯದಲ್ಲಿ ಬಾಡಿಗೆ ಕರಾರು ಮುಗಿಯುವ ದಿನ ಸೋಫಾ, ಮೇಜು, ಹಾಸಿಗೆ ಎಲ್ಲ ರಸ್ತೆ ಬದಿಗೆ ಬೀಳುತ್ತವೆ. (ಇಲ್ಲಿಗೆ ಓದಲು ಬಂದ ನಮ್ಮ ಹುಡುಗರ ಮನೆ ತುಂಬೋದು ಅವತ್ತೇ.) ಕ್ಯಾಂಪ್ ರಾಂಡಲ್‌ಗೆ ಮತ್ತೆ ಜೀವ ಬರೋದು ಸೆಪ್ಟೆಂಬರ್ ಹೊತ್ತಿಗೆ. ನಡುವಿನ ಮೂರು ಮೂರೂವರೆ ತಿಂಗಳು, ರಾತ್ರಿ ಒಂಬತ್ತರ ತನಕ ಬೆಳಕಿರುವ ಕಾಲ. ವರ್ಷದ ಅರ್ಧ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತ ಜನ ಹೊರಗೆ ಬರೋಕೆ ಕಾಯುತ್ತಿರುತ್ತಾರೆ. ಯೂನಿವರ್ಸಿಟಿಯಲ್ಲಿ ಓದದವರೂ ಈ ಊರಲ್ಲಿ ಇದ್ದಾರೆ. ಬಸ್ ಓಡಿಸುವವರು, ಆಸ್ಪತ್ರೆಯಲ್ಲಿ ದುಡಿಯುವವರು, ನನ್ನ ಹಾಗೆ ಎಲ್ಲೋ ಓದಿ ಕೆಲಸಕ್ಕೆ ಬಂದವರು. ನಮಗೆ ಬ್ಯಾಡ್ಜರ್ಸ್ ಯಾವತ್ತೂ ಅರ್ಧ ನಮ್ಮವರು, ಅರ್ಧ ಬೇರೆಯವರ ಮನೆ ಮಕ್ಕಳು.

ಬೇಸ್‌ಬಾಲ್ ಈ ಪಾಠವನ್ನು ಮೊದಲೇ ಕಲಿಸಿತ್ತು. 1982ರಲ್ಲಿ ಮಸ್ಕೀಸ್ ಅನ್ನೋ ಮೈನರ್ ಲೀಗ್ ಟೀಮು ಬಂತು, 1993ರ ಸೀಸನ್ ಮುಗಿಸಿ ಊರು ಬಿಟ್ಟಿತು. ನಡುವೆ 1991ರಲ್ಲಿ ಯೂನಿವರ್ಸಿಟಿಯೇ ತನ್ನ ಬೇಸ್‌ಬಾಲ್ ಟೀಮನ್ನು ಮುಚ್ಚಿತು. ಬ್ಲ್ಯಾಕ್ ವುಲ್ಫ್ ಅಂತ ಇನ್ನೊಂದು ಬಂತು, 2000ಕ್ಕೆ ಅದೂ ಹೋಯಿತು. ಈ ಊರಿಗೆ ಬೇಸ್‌ಬಾಲ್ ಹಣೆಯಲ್ಲಿ ಬರೆದಿಲ್ಲ ಅಂತ ಯಾರಾದರೂ ಹೇಳಬಹುದಿತ್ತು. 2001ರಲ್ಲಿ ಮಲ್ಲಾರ್ಡ್ಸ್ ಬಂತು. ಅದು ಬೇಸಿಗೆ ರಜೆಯಲ್ಲಿ ಕಾಲೇಜು ಹುಡುಗರು ಸಂಬಳ ಇಲ್ಲದೆ ಆಡುವ ಲೀಗು. ಆಟದ ಮಟ್ಟ ಮಸ್ಕೀಸ್‌ಗಿಂತ ಕೆಳಗೆ. ಆದರೂ ವಾರ್ನರ್ ಪಾರ್ಕಿಗೆ ಸಾವಿರಗಟ್ಟಲೆ ಜನ ಹೋಗುತ್ತಾರೆ, ಇವತ್ತಿಗೂ. ಅಲ್ಲಿಗೆ ಹೋಗುವವರು ಆಟದ ನಂಬರು ಕೇಳಲ್ಲ. ಸಂಜೆ ತಂಪಾಗಿದೆಯಾ, ಮಕ್ಕಳು ಓಡಾಡಿಕೊಂಡಿರಬಹುದಾ, ಕೈಯಲ್ಲಿ ತಿನ್ನೋಕೆ ಏನಾದರೂ ಇದೆಯಾ, ಆಡುವವರ ಎದೆ ಮೇಲೆ ನಮ್ಮೂರ ಹೆಸರಿದೆಯಾ, ಇಷ್ಟೇ.

2019ರಲ್ಲಿ ಫಾರ್ವರ್ಡ್ ಮ್ಯಾಡಿಸನ್ ಕಣಕ್ಕಿಳಿದಾಗ ಅದರ ಹಿಂದೆ ಇದ್ದದ್ದು ಈ ಮಲ್ಲಾರ್ಡ್ಸ್ ಬಳಗದವರೇ. ಹೊಸ ಮೈದಾನ ಕಟ್ಟಲಿಲ್ಲ. ಬ್ರೀಸ್ ಸ್ಟೀವನ್ಸ್ 1926ರದ್ದು, ಊರಿನ ಆಡಳಿತದ ಆಸ್ತಿ. ಸುತ್ತ 1930ರ ದಶಕದ ಕಲ್ಲಿನ ಗೋಡೆ. ಸುಮಾರು 5,000 ಜನ ಹಿಡಿಸುತ್ತದೆ. ಕ್ಯಾಪಿಟಲ್‌ನಿಂದ ನಡೆದೇ ಹೋಗಬಹುದು, ಸುತ್ತ ಮನೆಗಳಿವೆ. ಊರಾಚೆ ಹೆದ್ದಾರಿ ಪಕ್ಕ ಕಟ್ಟಿದ್ದರೆ ಈ ಹೊತ್ತಿಗೆ ಆಟ ಮುಗಿದಿರುತ್ತಿತ್ತು ಅಂತಲೇ ನನ್ನ ಅನಿಸಿಕೆ.

ಇನ್ನು ಆ ಫ್ಲೆಮಿಂಗೊ. 1979ರಲ್ಲಿ ಸ್ಟೂಡೆಂಟ್ ಯೂನಿಯನ್ ನಡೆಸುತ್ತಿದ್ದ ತರಲೆ ಹುಡುಗರ ಗುಂಪೊಂದು ಯೂನಿವರ್ಸಿಟಿಯೊಳಗಿನ ಬ್ಯಾಸ್ಕಮ್ ಹಿಲ್ ಗುಡ್ಡದ ಮೇಲೆ ಸಾವಿರಕ್ಕೂ ಹೆಚ್ಚು ಗುಲಾಬಿ ಪ್ಲಾಸ್ಟಿಕ್ ಫ್ಲೆಮಿಂಗೊಗಳನ್ನು ರಾತ್ರೋರಾತ್ರಿ ನೆಟ್ಟಿತ್ತು. 2009ರಲ್ಲಿ ನಗರಸಭೆ ಕೂತು, ಮತ ಹಾಕಿ, ಪ್ಲಾಸ್ಟಿಕ್ ಫ್ಲೆಮಿಂಗೊವನ್ನೇ ಊರಿನ ಅಧಿಕೃತ ಹಕ್ಕಿ ಮಾಡಿತು. ಟೀಮಿನವರು ಆ ಹಕ್ಕಿಯನ್ನೇ ಎತ್ತಿಕೊಂಡರು. ಅಂಗಿಗೆ ಗುಲಾಬಿ ಬಣ್ಣ, ಡೋಲು ಬಡಿಯುವ ಅಭಿಮಾನಿಗಳ ಗುಂಪಿಗೆ 'ದಿ ಫ್ಲಾಕ್' (ಹಕ್ಕಿಗಳ ಹಿಂಡು) ಅಂತ ಹೆಸರು. ಕಾಲೇಜಿನ ಕೆಂಪಿನ ಮುಂದೆ ಇನ್ನೊಂದು ಕೆಂಪು ಹಿಡಿದು ನಿಲ್ಲಲಿಲ್ಲ ನೋಡಿ, ಅಲ್ಲಿದೆ ಜಾಣತನ. ಮೊದಲ ವರ್ಷ ಮನೆಯಂಗಳದ ಪಂದ್ಯಗಳಿಗೆ ಸರಾಸರಿ 4,000ಕ್ಕಿಂತ ಹೆಚ್ಚು ಜನ ಬಂದರು. ಆ ಲೀಗಿನಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ.

ಇದನ್ನೆಲ್ಲ ನೋಡುವಾಗ ನನಗೆ ಹೊಟ್ಟೆ ಉರಿಯೋದು ಊರಿನ ನೆನಪಾಗಿ.

ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರಲ್ಲೇ 9 ಲಕ್ಷ ದಾಟಿತ್ತು. ಮ್ಯಾಡಿಸನ್‌ನ ಮೂರು ಪಟ್ಟು. ಕಾಲೇಜಿಗೇನು ಬರಗಾಲವೇ? ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಈಗ ಐಐಟಿ ಬೇರೆ. ಟೀಮೂ ಇದೆ. ಹುಬ್ಬಳ್ಳಿ ಟೈಗರ್ಸ್, 2023ರಲ್ಲಿ ಮಹಾರಾಜ ಟ್ರೋಫಿ ಟಿ20 ಕ್ರಿಕೆಟ್ ಲೀಗ್ ಗೆದ್ದ ಟೀಮು. ಗೆದ್ದದ್ದು ಎಲ್ಲಿ? ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ. ಶಿವಮೊಗ್ಗ ಲಯನ್ಸ್, ಮಂಗಳೂರು ಡ್ರ್ಯಾಗನ್ಸ್, ಗುಲ್ಬರ್ಗ ಮಿಸ್ಟಿಕ್ಸ್ ಕತೆಯೂ ಅದೇ. ಊರಿನ ಹೆಸರು ಅಂಗಿ ಮೇಲೆ, ಆಟ ಬೆಂಗಳೂರಲ್ಲಿ, ಇಲ್ಲದಿದ್ದರೆ ಮೈಸೂರಲ್ಲಿ. ಹುಬ್ಬಳ್ಳಿಯ ಹುಡುಗ ತನ್ನ ಟೀಮನ್ನು ನೋಡೋದು ಮೊಬೈಲಿನಲ್ಲಿ. ಹಿಂದೆ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಇದ್ದಾಗ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಕೆಲವು ಪಂದ್ಯ ಆಗುತ್ತಿದ್ದವು, ಜನ ಬರುತ್ತಿದ್ದರು. ಫಿಕ್ಸಿಂಗ್ ಗಲಾಟೆಯಲ್ಲಿ 2019ಕ್ಕೆ ಆ ಲೀಗೇ ನಿಂತಿತು. 2022ರಲ್ಲಿ ಹೊಸ ಹೆಸರಲ್ಲಿ ಮತ್ತೆ ಶುರುವಾದಾಗ ಹುಬ್ಬಳ್ಳಿಯ ಹೆಸರು ಮಾತ್ರ ವಾಪಸ್ ಬಂತು.

ಒಂದೇ ಕಡೆ ಆಡಿಸಿದರೆ ಖರ್ಚು ಕಡಿಮೆ, ಟಿವಿಯವರಿಗೂ ಅನುಕೂಲ ಅಂತಾರೆ. ಇರಬಹುದು. ಆದರೆ ಹಾಗೆ ಮಾಡಿದರೆ ನಿಮಗೆ ಸಿಗೋದು ಟಿವಿ ಕಾರ್ಯಕ್ರಮ, ಊರಿನ ಟೀಮಲ್ಲ. ಊರಿನ ಟೀಮು ಅಂದರೆ ಸೋತ ಮರುದಿನ ಅಂಗಡಿ ಮುಂದೆ ಬೈಸಿಕೊಳ್ಳಬೇಕು. ಗೋಲ್‌ಕೀಪರ್ ದಿನಸಿ ಕೊಳ್ಳುವಾಗ ಎದುರು ಸಿಗಬೇಕು. ನನ್ನ ಮಗಳು ಇಲ್ಲಿ ಮ್ಯಾಚ್ ಮುಗಿದ ಮೇಲೆ ಬೇಲಿ ಪಕ್ಕ ನಿಂತು ಆಟಗಾರರ ಸಹಿ ಹಾಕಿಸಿಕೊಳ್ಳುತ್ತಾಳೆ. ಕ್ಯಾಂಪ್ ರಾಂಡಲ್‌ನಲ್ಲಿ ಅವಳಿಗೆ ಕಾಣೋದು ದೂರದ ಹೆಲ್ಮೆಟ್ಟುಗಳು.

ಬೆಂಗಳೂರು ಎಫ್‌ಸಿ ಇದೆಯಲ್ಲ ಅಂತ ಕೇಳಬಹುದು. ಇದೆ, ಚೆನ್ನಾಗೇ ಇದೆ. 2013ರಲ್ಲಿ ಹುಟ್ಟಿ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ ಟೀಮು, ಅದರ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಗದ್ದಲ ಕೇಳೋಕೇ ಖುಷಿ. ಆದರೆ ಅದು ರಾಜಧಾನಿ, ಅಲ್ಲಿ ಎಲ್ಲವೂ ಇರುತ್ತದೆ. ನನ್ನ ಪ್ರಶ್ನೆ ನಡುಗಾತ್ರದ ಊರಿನದ್ದು.

ಹೀಗೆಲ್ಲ ಹೇಳಿದ ಮೇಲೆ ಲ್ಯಾನ್ಸಿಂಗ್ ವಿಷಯ ಹೇಳದೆ ಬಿಟ್ಟರೆ ಅನ್ಯಾಯ. ಮಿಷಿಗನ್‌ನ ಲ್ಯಾನ್ಸಿಂಗ್ ಕೂಡ ಮ್ಯಾಡಿಸನ್ ಥರದ್ದೇ. ರಾಜ್ಯದ ರಾಜಧಾನಿ, ಪಕ್ಕದಲ್ಲೇ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ. 2019ರಲ್ಲಿ, ಇದೇ ಲೀಗಿನಲ್ಲಿ, ಲ್ಯಾನ್ಸಿಂಗ್ ಇಗ್ನೈಟ್ ಅನ್ನೋ ಟೀಮು ಶುರುವಾಯಿತು. ಚೆನ್ನಾಗಿ ಆಡಿತು, ಪಟ್ಟಿಯಲ್ಲಿ ಎರಡನೇ ಸ್ಥಾನ. ನಾವು ಅದಕ್ಕಿಂತ ಕೆಳಗೆ. ಆ ವರ್ಷ ಮುಗಿಯುತ್ತಿದ್ದಂತೆ ಟೀಮನ್ನೇ ಮುಚ್ಚಿದರು. ಜನ ಸಾಲಲಿಲ್ಲ. ಅವರು ಆಡಿದ್ದು ಬೇಸ್‌ಬಾಲ್ ಮೈದಾನದಲ್ಲಿ, ಅಲ್ಲಿ ಸಾಕರ್ ನೋಡುವವರಿಗೆ ಆಟ ಯಾವಾಗಲೂ ಒಂದು ಮೂಲೆಗೆ ಸರಿದ ಹಾಗೆ ಕಾಣುತ್ತದೆ ಅಂತ ನಾನು ಸಮಜಾಯಿಷಿ ಕೊಡಬಲ್ಲೆ. ಆದರೆ ಟೂಸಾನ್ ಇದೆಯಲ್ಲ? ಅರಿಝೋನಾ ಯೂನಿವರ್ಸಿಟಿಯ ಊರು. ಅಲ್ಲಿನ ಎಫ್‌ಸಿ ಟೂಸಾನ್ 2022ರ ನಂತರ ಈ ಲೀಗ್ ಬಿಟ್ಟು ಕೆಳಗಿನ ಹವ್ಯಾಸಿ ಲೀಗಿಗೆ ಇಳಿಯಿತು. ನಾಕ್ಸ್‌ವಿಲ್‌ನಲ್ಲಿ ಮಾತ್ರ, ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುವ ಕಾಲೇಜು ಮೈದಾನ ಇದ್ದೂ, 2023ರಲ್ಲಿ ಲೀಗಿಗೆ ಬಂದ ಟೀಮು ನಿಂತಿದೆ, 2025ರಲ್ಲಿ ಹೊಸ ಮೈದಾನಕ್ಕೂ ಹೋಗಿದೆ. ಅಂದರೆ ಕಾಲೇಜು ಊರು ಅನ್ನೋ ಒಂದೇ ಕಾರಣಕ್ಕೆ ಟೀಮು ಸಾಯೋದೂ ಇಲ್ಲ, ಬದುಕೋದೂ ಇಲ್ಲ.

ಮ್ಯಾಡಿಸನ್‌ನಲ್ಲೂ ಎಲ್ಲ ಪಂದ್ಯ ತುಂಬಿರಲ್ಲ. ಏಪ್ರಿಲ್‌ನ ಚಳಿಗಾಳಿಯ ಸಂಜೆ ಹೋದರೆ ನಿಮಗೆ ಬೇಕಾದ ಕಡೆ ಕೂರಬಹುದು. ಸೆಪ್ಟೆಂಬರ್, ಅಕ್ಟೋಬರ್‌ನ ಶನಿವಾರ ಬ್ಯಾಡ್ಜರ್ಸ್ ಆಟ ಇದ್ದರೆ ನನ್ನ ಗೆಳೆಯರು ಎಲ್ಲಿರುತ್ತಾರೆ ಅಂತ ಹೇಳೋದೇ ಬೇಡ. 2020ರಲ್ಲಿ ಕೊರೊನಾ ನಿರ್ಬಂಧದಿಂದ ಊರಲ್ಲಿ ಆಡೋಕೇ ಆಗದೆ, ಮಿಲ್ವಾಕಿ ಪಕ್ಕದ ವಾವಟೋಸಾಕ್ಕೆ ಹೋಗಿ 'ಮನೆಯಂಗಳದ' ಪಂದ್ಯ ಆಡಿದರು. ಹುಬ್ಬಳ್ಳಿ ಟೈಗರ್ಸ್ ಸ್ಥಿತಿ ಒಂದು ವರ್ಷದ ಮಟ್ಟಿಗೆ ಇವರಿಗೂ ಬಂದಿತ್ತು. ದುಡ್ಡಿನ ಲೆಕ್ಕವೂ ಸಣ್ಣದಲ್ಲ. ಇಲ್ಲಿನ ಸಾಕರ್ ಒಕ್ಕೂಟದ ನಿಯಮದಂತೆ ಮೂರನೇ ಹಂತದ ಟೀಮು ಇಡಬೇಕಾದರೂ ಮುಖ್ಯ ಮಾಲೀಕನ ಆಸ್ತಿ ಕನಿಷ್ಠ 1 ಕೋಟಿ ಡಾಲರ್ ಇರಬೇಕು. ಅಂಥವರು ಸಿಗದ ಊರಿಗೆ, ಜನ ಎಷ್ಟೇ ಡೋಲು ಬಡಿದರೂ, ಟೀಮಿಲ್ಲ. ಗೆದ್ದರೆ ಮೇಲಿನ ಲೀಗಿಗೆ ಹತ್ತೋದು, ಸೋತರೆ ಇಳಿಯೋದು ಅನ್ನೋ ಪದ್ಧತಿ ತರೋಕೆ ಲೀಗ್ ಮಾಲೀಕರು 2025ರಲ್ಲಿ ಮತ ಹಾಕಿದ್ದಾರೆ. ಅದು ಬಂದರೆ ಖರ್ಚು ಇನ್ನೂ ಏರುತ್ತದೆ.

ಈ 1 ಕೋಟಿ ಡಾಲರ್ ಮಾತು ಬಂದಾಗ ಕೊಡಗು ನೆನಪಾಗದೆ ಇರಲ್ಲ. ನಮ್ಮಲ್ಲಿ ಏನೂ ಇಲ್ಲ ಅಂತ ಇಷ್ಟು ಹೊತ್ತು ಬೈದವನಿಗೆ ಅದನ್ನು ಒಪ್ಪಿಕೊಳ್ಳೋದು ಸ್ವಲ್ಪ ಕಷ್ಟ. 1997ರಲ್ಲಿ ಕರಡ ಅನ್ನೋ ಹಳ್ಳಿಯಲ್ಲಿ, ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ, 60 ಮನೆತನಗಳ ತಂಡಗಳಿಂದ ಶುರುವಾದ ಕೊಡವ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. ಮಾಲೀಕ ಇಲ್ಲ, ಹರಾಜಿಲ್ಲ. ಪ್ರತಿ ವರ್ಷ ಒಂದು ಮನೆತನ ನಿಂತು ನಡೆಸುತ್ತದೆ. ಅಜ್ಜ, ಸೊಸೆ, ಮೊಮ್ಮಗ ಒಂದೇ ಟೀಮಿನಲ್ಲಿ ಆಡಬಹುದು. ಮ್ಯಾಡಿಸನ್‌ನವರಿಗೆ ಇದನ್ನು ಹೇಳಿದರೆ ನಂಬಲ್ಲ.

ಆದರೆ ಅದು ಬೇಸಿಗೆಯ ಹಬ್ಬ, ಮುಂದಿನ ವರ್ಷ ಇನ್ನೊಂದು ಮನೆತನದ ಸರದಿ. ನಾನು ಕೇಳುತ್ತಿರೋದು ಸೀಸನ್ ಪೂರ್ತಿ ಮನೆ ಹತ್ತಿರವೇ ಆಗುವ ಆಟವನ್ನು. ಕೊಡಗಿನ ಥರ ಮನೆತನಗಳು ಹೊತ್ತುಕೊಳ್ಳಲಿ ಅಂತ ಹುಬ್ಬಳ್ಳಿಗೆ ಹೇಳೋಕಾಗಲ್ಲ. ಕೋಟಿ ಡಾಲರ್‌ನ ಮಾಲೀಕ ಬೇಕು ಅಂತಲೂ ಹೇಳಲ್ಲ, ಟೈಗರ್ಸ್‌ಗೆ ಮಾಲೀಕರು ಈಗಾಗಲೇ ಇದ್ದಾರೆ. ರಾಜನಗರದ ಮೈದಾನವೂ ಇದೆ, ರಣಜಿ ಪಂದ್ಯ ನಡೆದ ಮೈದಾನ. ಮುಂದಿನ ಸಲ ಕ್ರಿಕೆಟ್ ಸಂಸ್ಥೆಯವರು ಹುಬ್ಬಳ್ಳಿಯ ನಾಲ್ಕು ಪಂದ್ಯಗಳನ್ನಾದರೂ ಅಲ್ಲಿ ಆಡಿಸಲಿ, ಸಂಜೆ ಆರಕ್ಕೆ, ಧಾರವಾಡದಿಂದ ಬಸ್ ಹತ್ತಿ ಬರೋಕಾಗುವ ಹೊತ್ತಿಗೆ. ಜನ ಬರದಿದ್ದರೆ ಆಮೇಲೆ ಬೆಂಗಳೂರಿಗೇ ತೆಗೆದುಕೊಂಡು ಹೋಗಲಿ.